ಜಾಸ್ತಿ ಫೋನ್ ಮಾಡಿದವರ ಕೆಲಸ ಮೊದಲಾ?

ಪ್ರಶ್ನೆ: ಸಿಂಧನೂರಿನಲ್ಲಿ ನಾವಿಬ್ಬರು ಗೆಳೆಯರು ಸೇರಿ ಅಡತ್ ಅಂಗಡಿ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿ) ಮತ್ತು ಅಕ್ಕಿ ಗಿರಣಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಕೊಡುತ್ತೇವೆ. ರಾಯಚೂರು, ಕಾರಟಗಿ, ಗಂಗಾವತಿ ಎಲ್ಲ ಸೇರಿ 41 ಅಡತ್ ಅಂಗಡಿ, 23 ಗಿರಣಿಗಳು ನಮ್ಮ ಗಿರಾಕಿಗಳು. ದಿನಾ ವಾಟ್ಸಾಪ್‌ನಲ್ಲಿ "ಇದೊಂದು ಸೇರಿಸಿ ಕೊಡ್ರಿ" ಎಂಬ ಮೆಸೇಜು. ಈಗ ನಾಲ್ಕು ದೊಡ್ಡ ಬೇಡಿಕೆಗಳು ಮುಂದಿವೆ. ಪಟ್ಟಿಯನ್ನು, ಅಂದರೆ ಮಾಲಿನ ಲೆಕ್ಕ ಮತ್ತು ಕಡಿತ ಬರೆದ ಚೀಟಿಯನ್ನು, ವಾಟ್ಸಾಪ್‌ಗೆ ಕಳಿಸುವುದನ್ನು 22 ಮಂದಿ ಕೇಳಿದ್ದಾರೆ. ಮಾಲೀಕರಿಗೆ ಮೊಬೈಲ್ ಆ್ಯಪ್ ಬೇಕೆಂದು 14 ಮಂದಿ, ರೈತರ ಪಟ್ಟಿ ಕನ್ನಡದಲ್ಲಿ ಬರಲಿ ಎಂದು 6 ಮಂದಿ. ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ತೂಕ ನೇರವಾಗಿ ಬಿಲ್ಲಿಗೆ ಬರಬೇಕು ಎಂದವರು ಒಬ್ಬರೇ. ಆದರೆ ಅವರು ಗಂಗಾವತಿಯ ದೊಡ್ಡ ಗಿರಣಿಯವರು, ಮಾಡದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದಿದ್ದಾರೆ. ಯಾವುದನ್ನು ಮೊದಲು ಮಾಡಬೇಕು?

ಉತ್ತರ: ನೀವು ಎಣಿಸಿರುವುದು ಕೇಳಿದವರನ್ನು. ಕಷ್ಟಪಡುತ್ತಿರುವವರು ಎಷ್ಟು ಮಂದಿ ಅಂತ ಎಣಿಸಿಲ್ಲ. ಈ ಎರಡು ಲೆಕ್ಕ ಒಂದೇ ಆಗುವುದು ಬಹಳ ಅಪರೂಪ.

ಕನ್ನಡ ಪಟ್ಟಿಯನ್ನೇ ನೋಡಿ. ಕೇಳಿದವರು 6 ಮಂದಿ, ಎಲ್ಲರೂ ಅಂಗಡಿ ಮಾಲೀಕರು. ಆದರೆ ಆ ಚೀಟಿಯನ್ನು ಕೈಯಲ್ಲಿ ಹಿಡಿದು ನಿಲ್ಲುವವರು ಯಾರು? ರೈತರು. ಎಪಿಎಂಸಿ ಯಾರ್ಡಿನಲ್ಲಿ ಮಧ್ಯಾಹ್ನ ಅರ್ಧ ಗಂಟೆ ನಿಂತರೆ ಸಾಕು, ಗೊತ್ತಾಗುತ್ತದೆ. ಇಂಗ್ಲಿಷ್ ಪಟ್ಟಿಯನ್ನು ಮಡಚಿ ಹಿಡಿದ ಹಿರಿಯರೊಬ್ಬರು ಪಕ್ಕದ ಹುಡುಗನಿಗೆ ಅದನ್ನು ಕೊಟ್ಟು, "ಹಮಾಲಿ ಎಷ್ಟು ಮುರಕೊಂಡಾರ ನೋಡು ತಮ್ಮಾ" ಅಂತ ಕೇಳುತ್ತಾರೆ. ಅವರ ಹತ್ತಿರ ನಿಮ್ಮ ನಂಬರ್ ಇಲ್ಲ. ಅವರು ನಿಮಗೆ ಮೆಸೇಜು ಹಾಕುವುದೂ ಇಲ್ಲ. ನಿಮ್ಮ ಸಾಫ್ಟ್‌ವೇರನ್ನು ಅತಿ ಹೆಚ್ಚು ಜನ ನೋಡುವುದು ಆ ಚೀಟಿಯಲ್ಲೇ, ಆದರೂ ಆ ಜನ ನಿಮ್ಮ ಎಣಿಕೆಯಲ್ಲೇ ಇಲ್ಲ. 41 ಅಂಗಡಿಗಳಿಗೂ ಬರುವ ರೈತರನ್ನು ಲೆಕ್ಕಕ್ಕೆ ತಂದರೆ 6 ಎಂಬ ಅಂಕಿ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಇನ್ನೊಂದು ವಿಷಯ. ಗಿರಾಕಿ ಹೇಳುವುದು ಬಹುತೇಕ ಔಷಧದ ಹೆಸರು, ರೋಗದ್ದಲ್ಲ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲವು ವರ್ಷಗಳ ಹಿಂದೆ ಒಂದು ಅಡತ್ ಅಂಗಡಿಯವರು, "ಸೇವ್ ಆದ ಬಿಲ್ಲನ್ನು ತಿದ್ದೋಕೆ ಬಟನ್ ಕೊಡಿ ಸಾರ್" ಎಂದು ದಿನಾ ಹಿಂದೆ ಬಿದ್ದರು. ಮೂರು ವಾರ ಕೂತು, ಪಾಸ್‌ವರ್ಡ್ ಇಟ್ಟು ಮಾಡಿಕೊಟ್ಟೆ. ಹತ್ತು ದಿನದಲ್ಲಿ ಆ ಪಾಸ್‌ವರ್ಡನ್ನು ಮಾನಿಟರಿಗೇ ಅಂಟಿಸಿದ್ದರು. ತಿಂಗಳ ಕೊನೆಗೆ ಆಡಿಟರ್ ಕೈಗೆ ಹೋದ ಲೆಕ್ಕವೂ ಅಂಗಡಿಯ ಲೆಕ್ಕವೂ ತಾಳೆ ಆಗಲಿಲ್ಲ. ಆಮೇಲೆ ಅಂಗಡಿಗೆ ಹೋಗಿ ಗುಮಾಸ್ತರ ಪಕ್ಕ ಒಂದು ಬೆಳಗ್ಗೆ ಕೂತೆ. ಒಬ್ಬ ರೈತರ ಮಾಲು ಎರಡು ಸಲ ಕಾಟಾಕ್ಕೆ ಹೋಗುತ್ತಿತ್ತು. ಮೊದಲ 30 ಚೀಲ ತೂಗಿದ ಮೇಲೆ ನಡುವೆ ಇನ್ನೊಬ್ಬರ ಮಾಲು ಬರುತ್ತಿತ್ತು. ಅರ್ಧ ಬರೆದ ಬಿಲ್ಲನ್ನು ಹಾಗೇ ಬದಿಗಿಡಲು ನನ್ನ ಸಾಫ್ಟ್‌ವೇರಿನಲ್ಲಿ ಜಾಗವೇ ಇರಲಿಲ್ಲ. ಪಾಪ, ಅವರು ಬೇರೆ ದಾರಿ ಇಲ್ಲದೆ ಸೇವ್ ಮಾಡಿ, ಆಮೇಲೆ ತಿದ್ದುತ್ತಿದ್ದರು. ಅವರಿಗೆ ಬೇಕಿದ್ದದ್ದು ಅರ್ಧ ಬಿಲ್ಲನ್ನು ತಡೆದಿಡುವ ಸೌಲಭ್ಯ. ಅದು ಎರಡು ದಿನದ ಕೆಲಸ.

ಆದ್ದರಿಂದ ಬೇಡಿಕೆ ಬಂದಾಗ ಏನು ಬೇಕು ಎಂಬುದರ ಜೊತೆಗೆ ಇನ್ನೂ ಮೂರು ವಿಷಯ ಬರೆದಿಡಿ. ಯಾವ ಕೆಲಸ ಮಾಡುವಾಗ ಇದು ಬೇಕಾಯಿತು? ದಿನಕ್ಕೆ ಎಷ್ಟು ಸಲ? ಇದಿಲ್ಲದೆ ಈಗ ಹೇಗೆ ಮಾಡುತ್ತಿದ್ದಾರೆ? ಮೂರನೆಯದು ಬಹಳ ಮುಖ್ಯ. ಕಂಪ್ಯೂಟರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಕೈಯಲ್ಲಿ ಬರೆಯುತ್ತಿದ್ದಾರೆ ಅಂದರೆ ಅದು ನಿಜವಾದ ತೊಂದರೆ. "ಸದ್ಯಕ್ಕೆ ಏನೂ ಮಾಡ್ತಿಲ್ಲ, ಇದ್ರೆ ಚೆನ್ನಾಗಿರ್ತಿತ್ತು" ಅಂದರೆ ಅದು ಕಾಯಬಹುದು.

ಮೊಬೈಲ್ ಆ್ಯಪ್ ಕೇಳಿದ 14 ಮಂದಿಯಲ್ಲಿ ಐದು ಜನರಿಗೆ ಫೋನ್ ಮಾಡಿ, "ಆ್ಯಪ್ ತೆರೆದ ತಕ್ಷಣ ಮೊದಲು ಏನು ನೋಡ್ತೀರಿ ಅಣ್ಣಾ?" ಎಂದು ಕೇಳಿ. ನನ್ನ ಅಂದಾಜು, ಬಹುಪಾಲು ಜನ ಇಷ್ಟೇ ಹೇಳುತ್ತಾರೆ: ಇವತ್ತು ಎಷ್ಟು ಚೀಲ ಬಂತು, ಎಷ್ಟು ರೊಕ್ಕ ಕೊಟ್ಟೆವು, ಉದ್ರಿ ಎಷ್ಟು. ಆ ಮೂರು ಸಾಲನ್ನು ಸಂಜೆ ಗುಮಾಸ್ತರು ಒಂದು ಬಟನ್ ಒತ್ತಿ ಮಾಲೀಕರ ವಾಟ್ಸಾಪ್‌ಗೆ ಕಳಿಸುವಂತೆ ಮಾಡಿದರೆ ಐದು ತಿಂಗಳ ಆ್ಯಪ್ ಕೆಲಸ ಉಳಿಯುತ್ತದೆ.

ಇನ್ನು ಅಂಕಿ ಹಾಕಿ ತೂಗುವ ವಿಧಾನ. ಇಂಟರ್‌ಕಾಮ್ ಎಂಬ ಸಾಫ್ಟ್‌ವೇರ್ ಕಂಪನಿಯವರು ಬಳಕೆಗೆ ತಂದ 'ರೈಸ್' ಎಂಬ ಲೆಕ್ಕ ನಿಮ್ಮಂಥ ಚಿಕ್ಕ ತಂಡಕ್ಕೆ ಸಾಕು. ಎಷ್ಟು ಗಿರಾಕಿಗೆ ಮುಟ್ಟುತ್ತದೆ, ಒಬ್ಬರಿಗೆ ಎಷ್ಟು ಅನುಕೂಲ, ನಿಮ್ಮ ಅಂದಾಜಿನ ಮೇಲೆ ನಿಮಗೆ ಎಷ್ಟು ಖಾತ್ರಿ, ಈ ಮೂರನ್ನೂ ಗುಣಿಸಿ. ಬಂದದ್ದನ್ನು ಎಷ್ಟು ತಿಂಗಳ ಕೆಲಸ ಎಂಬುದರಿಂದ ಭಾಗಿಸಿ. ಹೆಚ್ಚು ಅಂಕಿ ಬಂದದ್ದು ಮೊದಲು. ಅನುಕೂಲಕ್ಕೆ ಸಾಧಾರಣವಾದರೆ 1, ಜಾಸ್ತಿ ಇದ್ದರೆ 2, ತುಂಬಾ ಜಾಸ್ತಿ ಇದ್ದರೆ 3 ಕೊಡುತ್ತಾರೆ. ಖಾತ್ರಿಗೆ 100, 80 ಅಥವಾ 50 ಶೇಕಡಾ.

ನಿಮ್ಮದಕ್ಕೆ ಹಾಕಿ ನೋಡೋಣ. ವಾಟ್ಸಾಪ್: ಪಿಡಿಎಫ್ ಮಾಡಿ ಗುಮಾಸ್ತರೇ ಕಳಿಸುವಷ್ಟು ಸರಳವಾಗಿ ಮಾಡಿದರೆ ಅರ್ಧ ತಿಂಗಳ ಕೆಲಸ. 64 ಗಿರಾಕಿ, ಅನುಕೂಲ 1, ಖಾತ್ರಿ 80. ಉತ್ತರ ಸುಮಾರು 102. ಕನ್ನಡ ಪಟ್ಟಿ: 41 ಅಂಗಡಿ, ಅನುಕೂಲ 2, ಖಾತ್ರಿ 80, ಒಂದೂವರೆ ತಿಂಗಳು. ಸುಮಾರು 44. ಆ್ಯಪ್: 64 ಗಿರಾಕಿ, ಅನುಕೂಲ 1, ಖಾತ್ರಿ 50, ಐದು ತಿಂಗಳು. 6ರ ಆಸುಪಾಸು. ವೇಬ್ರಿಡ್ಜ್: ಸ್ವಂತ ವೇಬ್ರಿಡ್ಜ್ ಇರುವ ಗಿರಣಿಗಳು ಹತ್ತು ಎಂದುಕೊಂಡು, ಅನುಕೂಲ 2, ಖಾತ್ರಿ 50, ಎರಡು ತಿಂಗಳು ಎಂದು ಹಿಡಿದರೆ 5.

ಕನ್ನಡ ಪಟ್ಟಿಗೆ ಒಂದೂವರೆ ತಿಂಗಳು ಯಾಕೆ ಅಂತೀರಾ? ಅಂಗಡಿಗಳಲ್ಲಿ ಇನ್ನೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳಿವೆ. ಅವುಗಳಲ್ಲಿ ಹೆಚ್ಚಿನವುಗಳ ಒಳಗಿರುವ ಅಕ್ಷರಗಳಲ್ಲಿ ಕನ್ನಡ ಇಲ್ಲ. ಕನ್ನಡ ಬೇಕಾದರೆ ಚಿತ್ರದ ಹಾಗೆ ಪ್ರಿಂಟ್ ಮಾಡಬೇಕು, ಅದು ನಿಧಾನ. ಸುಗ್ಗಿಯಲ್ಲಿ ಸಾಲುಗಟ್ಟಿ ನಿಂತವರ ಮುಂದೆ ಆ ನಿಧಾನ ನಡೆಯುವುದಿಲ್ಲ. ಹೆಸರು ಮತ್ತು ಕಡಿತದ ಸಾಲುಗಳಷ್ಟೇ ಕನ್ನಡದಲ್ಲಿರಲಿ, ಅಂಕಿಗಳು ಇದ್ದ ಹಾಗೇ ಇರಲಿ. ಎರಡು ಅಂಗಡಿಯಲ್ಲಿ ಇಟ್ಟು ನೋಡಿ, ಆಮೇಲೆ ಎಲ್ಲರಿಗೂ ಕೊಡಿ.

ಗಂಗಾವತಿಯವರ ವಿಷಯಕ್ಕೆ ಬರೋಣ. ಅವರು ಹೋಗುತ್ತಾರೆಂಬ ಭಯ ನನಗೆ ಅರ್ಥವಾಗುತ್ತದೆ. ವೇಬ್ರಿಡ್ಜಿನ ತೂಕ ತೋರಿಸುವ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್‌ನಲ್ಲಿ ತೂಕ ಓದುವುದು ಕಷ್ಟವೇನಲ್ಲ. ಆದರೆ ಒಂದೊಂದು ಕಂಪನಿಯ ಇಂಡಿಕೇಟರ್ ಒಂದೊಂದು ರೀತಿಯಲ್ಲಿ ತೂಕ ಕಳಿಸುತ್ತದೆ, ಅದಕ್ಕೇ ಖಾತ್ರಿಗೆ 50 ಹಾಕಿದ್ದು. ನೀವು ಒಬ್ಬರು ಆ ಗಿರಣಿಗೆ ಹೋಗಿ ಅರ್ಧ ದಿನ ಕಾಟಾದ ಹತ್ತಿರ ನಿಂತು ನೋಡಿ. ತೂಕ ಕೈಯಲ್ಲಿ ಬರೆಯುವಾಗ ತಪ್ಪಾಗುತ್ತಿದ್ದರೆ ಅದು ನಷ್ಟದ ಮಾತು, ಅನುಕೂಲದ ಅಂಕಿಯನ್ನು 3 ಮಾಡಿ. ಈ ಕೆಲಸಕ್ಕೆ ಪ್ರತ್ಯೇಕ ಹಣ ಕೇಳಿ, ಸಂಕೋಚ ಬೇಡ. ಒಂದು ಮಾತ್ರ ಯಾವತ್ತೂ ಮಾಡಬೇಡಿ: ಅವರಿಗಾಗಿಯೇ ಸಾಫ್ಟ್‌ವೇರಿನ ಬೇರೆ ಪ್ರತಿ. ಎಲ್ಲರದ್ದೂ ಒಂದೇ ಪ್ರತಿ ಇರಬೇಕು, ಬೇಕಾದವರಿಗೆ ಸೆಟ್ಟಿಂಗ್‌ನಲ್ಲಿ ಆನ್ ಆಗಬೇಕು. ನಾಲ್ಕು ಗಿರಾಕಿಗೆ ನಾಲ್ಕು ಪ್ರತಿ ಇಟ್ಟುಕೊಂಡ ಸಣ್ಣ ತಂಡಗಳು ಉಸಿರು ಕಟ್ಟಿ ನಿಂತದ್ದನ್ನು ನಾನು ನೋಡಿದ್ದೇನೆ.

ಈ ಲೆಕ್ಕಕ್ಕೇ ಬರದ ಎರಡು ಕೆಲಸಗಳಿವೆ. ಲೆಕ್ಕ ತಪ್ಪು ತೋರಿಸುವ ಅಥವಾ ಡೇಟಾ ಅಳಿಸಿಹೋಗುವ ದೋಷ ಒಂದು. ಅದಕ್ಕೆ ಸಾಲು ಇಲ್ಲ, ಅವತ್ತೇ ಸರಿಮಾಡಬೇಕು. ಇನ್ನೊಂದು, ಕಾನೂನು ಬದಲಾದಾಗ ಬರುವ ಕೆಲಸ. 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 5 ಶೇಕಡಾ ಜಿಎಸ್‌ಟಿ ಬಂದದ್ದು 2022ರ ಜುಲೈ 18ಕ್ಕೆ. ಮಾರುಕಟ್ಟೆಗೆ 26 ಕೆಜಿ ಚೀಲ ಬಂದದ್ದು ನಿಮಗೆ ನೆನಪಿರಬೇಕು. ಅದನ್ನು ತೀರ್ಮಾನಿಸಿದ ಜಿಎಸ್‌ಟಿ ಕೌನ್ಸಿಲ್ ಸಭೆ ಮುಗಿದದ್ದು ಜೂನ್ 29ಕ್ಕೆ. 2025ರಲ್ಲಿ ದರಗಳ ಹಂತಗಳನ್ನೇ ಬದಲಾಯಿಸಿದಾಗಲೂ ಹಾಗೇ ಆಯಿತು: ಸೆಪ್ಟೆಂಬರ್ 3ಕ್ಕೆ ತೀರ್ಮಾನ, 22ಕ್ಕೆ ಜಾರಿ. ಎರಡು ಸಲವೂ ಸಿಕ್ಕಿದ್ದು 19 ದಿನ. ಆದ್ದರಿಂದ ವರ್ಷದ ಯೋಜನೆಯಲ್ಲಿ ನಾಲ್ಕನೇ ಒಂದು ಭಾಗ ಸಮಯವನ್ನು ಖಾಲಿ ಬಿಡಿ. ನೀವು ಇಬ್ಬರೇ ಇದ್ದೀರಿ, ಆ ಖಾಲಿ ಜಾಗವೇ ನಿಮ್ಮನ್ನು ಕಾಪಾಡುವುದು.

ಹಾಗೆಯೇ ನವೆಂಬರ್–ಡಿಸೆಂಬರ್‌ನಲ್ಲಿ ಭತ್ತದ ಸುಗ್ಗಿ ಇರುವಾಗ ಹೊಸದೇನನ್ನೂ ಅಂಗಡಿಗೆ ಇಳಿಸಬೇಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಘಟಕಗಳಿಗೆ ಸ್ಟಾಕ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇನೆ. ಒಬ್ಬನೇ ಇದ್ದೇನೆ. ಗಿರಾಕಿಗಳೆಲ್ಲ ಪರಿಚಯದವರು, ಕೆಲವರು ನೆಂಟರು. ಯಾರಿಗೂ ಆಗಲ್ಲ ಎನ್ನಲು ಬಾಯಿ ಬರುವುದಿಲ್ಲ. "ಮಾಡೋಣ" ಎನ್ನುತ್ತೇನೆ, ಆಮೇಲೆ ಬೈಸಿಕೊಳ್ಳುತ್ತೇನೆ. ಏನು ಮಾಡಲಿ?

ಉತ್ತರ: ನಿಮ್ಮ "ಮಾಡೋಣ" ಅನ್ನು ಅವರು ದಿನಾಂಕ ಎಂದು ತಿಳಿಯುತ್ತಾರೆ, ಅಲ್ವಾ? ಆರು ತಿಂಗಳು ಕಾಯಿಸಿದವರ ಮೇಲೆ ಬರುವ ಸಿಟ್ಟು, ಅವತ್ತೇ ಆಗಲ್ಲ ಎಂದವರ ಮೇಲೆ ಬರುವುದಿಲ್ಲ.

ಹೊಲಿಗೆಯವರ ಪೀಸ್ ಲೆಕ್ಕದ ಕೂಲಿಯನ್ನು ಸೇರಿಸಿ ಕೊಡು ಎಂದು ನಿಮ್ಮ ಮಾವ ಕೇಳಿದರು ಎಂದುಕೊಳ್ಳಿ. "ಮಾವ, ದೀಪಾವಳಿ ಒಳಗೆ ಇದು ಆಗಲ್ಲ. ಈಗ ಸೈಜು, ಬಣ್ಣದ ಪ್ರಕಾರ ಸ್ಟಾಕ್ ಸರಿಮಾಡ್ತಿದ್ದೀನಿ, ಅದು ನಿಮಗೂ ಬೇಕಾಗಿದ್ದೇ. ಅಲ್ಲೀತನಕ ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿ ಕೊಡ್ತೀನಿ" ಎನ್ನಿ. ಆಗಲ್ಲ ಎಂಬುದು, ಕಾರಣ, ಸದ್ಯದ ದಾರಿ, ಮೂರೂ ಒಂದೇ ಉಸಿರಿನಲ್ಲಿ. ಆ ಶೀಟನ್ನು ನಿಜಕ್ಕೂ ಮಾಡಿ ಕೊಡಿ. ಒಂದು ತಿಂಗಳ ಮೇಲೆ ಅವರು ಅದನ್ನು ದಿನಾ ತುಂಬುತ್ತಿದ್ದರೆ ಆ ಬೇಡಿಕೆಗೆ ತೂಕವಿದೆ ಎಂದು ನಿಮಗೇ ತಿಳಿಯುತ್ತದೆ. ಮುಟ್ಟಿಯೇ ಇಲ್ಲದಿದ್ದರೆ ಅದೂ ಉತ್ತರವೇ.

ಕೇಳಿದವರ ಹೆಸರು, ತಾರೀಖು ಒಂದು ಪುಸ್ತಕದಲ್ಲಿರಲಿ. ಎರಡು ವರ್ಷದ ಮೇಲೆ ಆ ಸೌಲಭ್ಯ ಬಂದರೂ, ಮೊದಲು ಕೇಳಿದವರಿಗೆ ಮೊದಲು ಫೋನ್ ಮಾಡಿ ಹೇಳಿ.