ಇಂಗ್ಲಿಷಿನ ‘ನೈಸ್’ ಪದದ ಅರ್ಥ ಏನು? ಅದು ಎಲ್ಲಿಂದ ಬಂತು?

ಈಗಿನ ಅರ್ಥ ಸುಲಭ: ಚೆನ್ನಾಗಿದೆ, ಹಿತವಾಗಿದೆ. ಜನರ ಬಗ್ಗೆ ಹೇಳಿದರೆ ಒಳ್ಳೆಯವರು, ಸ್ನೇಹದಿಂದ ನಡೆದುಕೊಳ್ಳುವವರು ಅಂತ. ಕನ್ನಡದಲ್ಲಿ ‘ನೈಸಾಗಿದೆ’ ಅಂದರೆ ನುಣುಪಾಗಿದೆ ಎಂದೂ ಆಗುತ್ತದೆ. ಇಂಗ್ಲಿಷಿನಲ್ಲಿ ಹಾಗಿಲ್ಲ, ಅಲ್ಲಿ ‘ಸ್ಮೂತ್’ ಅನ್ನಬೇಕು.

ನಿಜವಾದ ಸ್ವಾರಸ್ಯ ಇರುವುದು ಈ ಪದದ ಹುಟ್ಟಿನಲ್ಲಿ. ಒಂದು ಕಾಲದಲ್ಲಿ ಯಾರನ್ನಾದರೂ ‘ನೈಸ್’ ಅಂದಿದ್ದರೆ ಅದು ಬೈಗುಳ! ಇದರ ಮೂಲ ಲ್ಯಾಟಿನ್‌ನ ‘ನೆಸ್ಕಿಯುಸ್’. ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ತಿಳಿಯುವುದು. ಒಟ್ಟಿಗೆ, ಏನೂ ತಿಳಿಯದವನು. ನಮ್ಮ ‘ಸೈನ್ಸ್’ ಕೂಡ ಇದೇ ‘ಸ್ಕೀರೆ’ಯಿಂದಲೇ ಬಂದದ್ದು. ಒಂದೇ ಬೇರಿನಿಂದ ಅರಿವೂ ಬಂತು, ಅರಿವಿಲ್ಲದಿರುವುದೂ ಬಂತು. ಎಷ್ಟು ಚೆಂದ ಅಲ್ವಾ?

ಹಳೆಯ ಫ್ರೆಂಚ್ ಮೂಲಕ ಇದು ಸುಮಾರು 1300ರ ಹೊತ್ತಿಗೆ ‘ದಡ್ಡ’ ಎಂಬ ಅರ್ಥದಲ್ಲಿ ಇಂಗ್ಲಿಷಿಗೆ ಬಂತು. ಆಮೇಲೆ ಅರ್ಥ ಮೆಲ್ಲಗೆ ಜಾರುತ್ತಾ ಹೋಯಿತು: ಅತಿ ನಾಜೂಕಿನ, ತುಂಬಾ ಆರಿಸುವ, ಸೂಕ್ಷ್ಮವಾದ, ಕರಾರುವಾಕ್ಕಾದ. 18ನೇ ಶತಮಾನದಲ್ಲಿ ‘ಹಿತವಾದ’ ಎಂಬ ಅರ್ಥ ಬೇರೂರಿತು. ಹಳೆಯ ಅರ್ಥ ಪೂರ್ತಿ ಹೋಗಿಲ್ಲ. ‘ಎ ನೈಸ್ ಡಿಸ್ಟಿಂಕ್ಷನ್’ ಅಂದರೆ ಇವತ್ತಿಗೂ ಸೂಕ್ಷ್ಮ ವ್ಯತ್ಯಾಸ ಎಂದೇ.

‘ಸಿಲ್ಲಿ’ಯದು ಇದಕ್ಕೆ ತದ್ವಿರುದ್ಧ ಕಥೆ. ಮೊದಲು ಅದು ‘ಸುಖಿ, ಧನ್ಯ’ ಎಂಬ ಅರ್ಥದಲ್ಲಿತ್ತು, ಈಗ ‘ಪೆದ್ದು’.

ಮಾತಿನಲ್ಲಿ ‘ನೈಸ್’ ಧಾರಾಳವಾಗಿ ಬಳಸಿ. ಬರೆಯುವಾಗ ಮಾತ್ರ ಇದು ಜಾಸ್ತಿಯಾದರೆ ಸಪ್ಪೆ ಅನಿಸುತ್ತದೆ. ಅಲ್ಲಿ ‘ಕೈಂಡ್’, ‘ಪ್ಲೆಸೆಂಟ್’ ಥರದ ಖಚಿತ ಪದ ನನಗಿಷ್ಟ.