ಗೋಡೆ ಮೇಲೆ ಕೆಂಪು ಗೆರೆ ಬಿದ್ದಿದೆ, ಏನು ಮಾಡಲಿ?

ಪ್ರಶ್ನೆ: ಸರ್, ಮೈಸೂರಿನ ಹಳೇ ಮೊಹಲ್ಲಾ ಒಂದರಲ್ಲಿ ನಮ್ಮದು 30×40ರ ಮನೆ. ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇದೆ. ನಾನು, ನಮ್ಮ ಯಜಮಾನರು ಇಬ್ಬರೇ ನಡೆಸುತ್ತೇವೆ. ಹೋದ ತಿಂಗಳು ಇಬ್ಬರು ಬಂದು ಟೇಪ್ ಹಿಡಿದು ಅಳೆದರು. ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ‘2.4 ಮೀ’ ಅಂತ ಬರೆದು ಹೋದರು. ರಸ್ತೆ ಅಗಲ ಮಾಡುತ್ತಾರಂತೆ. ಕೈಗೆ ಒಂದು ಕಾಗದವನ್ನೂ ಕೊಟ್ಟಿಲ್ಲ. ಆಮೇಲೆ ಇನ್ನೊಬ್ಬರು ಬಂದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಹಣದ ಬದಲು ಟಿಡಿಆರ್ ಅನ್ನುವ ಪತ್ರ ಕೊಡುತ್ತಾರೆ ಅಂದರು. ನಾವು ಆಗಲ್ಲ ಅನ್ನಬಹುದಾ? ಗಿರಣಿ ಹೋದರೆ ನಮ್ಮ ಗತಿ ಏನು?
– ಹೆಸರು ಬೇಡ, ಮೈಸೂರು

ಉತ್ತರ: ತಾಯಿ, ಮೊದಲು ಆ ಒಪ್ಪಿಗೆ ಪತ್ರವನ್ನು ಪಕ್ಕಕ್ಕಿಡಿ. ಈಗಲೇ ಸಹಿ ಹಾಕಬೇಡಿ. ಕೆಂಪು ಗೆರೆಗೂ ಹೆದರಬೇಡಿ. ನಾನು 31 ವರ್ಷ ಸರ್ವೆ ಕೆಲಸ ಮಾಡಿದವನು. ಅಂಥ ಗೆರೆಗಳನ್ನು ಎಷ್ಟೋ ಗೋಡೆಗಳ ಮೇಲೆ ನಾನೇ ಹಾಕಿಸಿದ್ದೇನೆ. ಅದು ಬರೀ ಅಳತೆಯ ಗುರುತು. ಗೆರೆ ಬಿದ್ದ ಮಾತ್ರಕ್ಕೆ ನಿಮ್ಮ ಜಾಗ ಸರ್ಕಾರದ್ದಾಗುವುದಿಲ್ಲ.

ನೀವೇ ಮಾಡಿಕೊಳ್ಳಬೇಕಾದ ಒಂದು ಕೆಲಸ ಇದೆ. ಕ್ರಯಪತ್ರ ತೆಗೆದು ಚೆಕ್ಕುಬಂದಿ, ಅಂದರೆ ಜಾಗದ ನಾಲ್ಕೂ ಕಡೆಯ ಗಡಿ, ನೋಡಿ. ಆಮೇಲೆ ಹಿಂದಿನ ಗೋಡೆಯಿಂದ ರಸ್ತೆ ಕಡೆಗೆ ಟೇಪ್ ಹಿಡಿದು 40 ಅಡಿ ಎಲ್ಲಿಗೆ ಮುಗಿಯುತ್ತದೆ ಅಂತ ಗುರುತು ಮಾಡಿ. ಪಕ್ಕದ ಮನೆಯವರೂ ಜೊತೆಯಲ್ಲಿರಲಿ. ಹಳೇ ಮೊಹಲ್ಲಾಗಳಲ್ಲಿ ಮೆಟ್ಟಿಲು, ಚಪ್ಪಡಿ, ಮುಂದಿನ ಶೀಟು ಚರಂಡಿ ಮೇಲೆ ಬಂದಿರುವುದು ಜಾಸ್ತಿ. ಆ ಭಾಗ ನಿಮ್ಮದಲ್ಲ. ಅದಕ್ಕೆ ಜಾಗದ ಬೆಲೆ ಕೇಳಿದರೆ ನಿಮ್ಮ ನ್ಯಾಯವಾದ ಮಾತಿಗೂ ಬೆಲೆ ಇಲ್ಲದಂತಾಗುತ್ತದೆ. ಇನ್ನೊಂದು ವಿಷಯ. ನಿಮ್ಮ ಜಾಗದಲ್ಲಿ 2.4 ಮೀಟರ್ ಹೋಗುತ್ತದೆ ಅನ್ನಲು ರಸ್ತೆಯನ್ನು ಎಲ್ಲಿಂದ ಅಳೆದರು? ಈಗಿನ ಡಾಂಬರಿನ ಮಧ್ಯದಿಂದಲೋ, ಮೂಲ ನಕ್ಷೆಯ ರಸ್ತೆಯ ಮಧ್ಯದಿಂದಲೋ? ಎಷ್ಟೋ ಕಡೆ ಡಾಂಬರು ವರ್ಷ ವರ್ಷ ಒಂದೇ ಪಕ್ಕಕ್ಕೆ ಸರಿದಿರುತ್ತದೆ. ಆಗ ಒಂದು ಸಾಲಿನ ಮನೆಗಳಿಗೆ ಜಾಸ್ತಿ ಪೆಟ್ಟು, ಎದುರು ಸಾಲಿಗೆ ಕಡಿಮೆ. ಸರ್ವೆ ಸ್ಕೆಚ್ಚಿನ ನಕಲಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಈಗ ‘ಆಗಲ್ಲ ಅನ್ನಬಹುದಾ’ ಎಂಬ ಪ್ರಶ್ನೆಗೆ ಬರೋಣ. ರಸ್ತೆ ಸಾರ್ವಜನಿಕ ಉದ್ದೇಶ. ಕಾನೂನು ಪ್ರಕಾರ ನಡೆದುಕೊಂಡರೆ ನಿಮ್ಮ ಒಪ್ಪಿಗೆ ಇಲ್ಲದೆಯೂ ಸರ್ಕಾರ ಜಾಗ ತೆಗೆದುಕೊಳ್ಳಬಹುದು. 1978ರ ತಿದ್ದುಪಡಿಯಾದ ಮೇಲೆ ಆಸ್ತಿ ಹಕ್ಕು ಮೂಲಭೂತ ಹಕ್ಕಲ್ಲ. ಆದರೆ ಸಂವಿಧಾನದ 300ಎ ವಿಧಿ ಇದೆ. ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವ ಹಾಗಿಲ್ಲ. 2024ರಲ್ಲಿ ಕೋಲ್ಕತ್ತಾ ನಗರಪಾಲಿಕೆಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ನೋಟಿಸ್ ಕೊಡಬೇಕು, ಮಾತು ಕೇಳಬೇಕು, ಕಾರಣ ಕೊಟ್ಟು ತೀರ್ಮಾನ ಹೇಳಬೇಕು, ನ್ಯಾಯವಾದ ಪರಿಹಾರ ಕೊಡಬೇಕು. ಗೋಡೆಗೆ ಬಣ್ಣ ಬಳಿದದ್ದು ಇದರಲ್ಲಿ ಯಾವುದೂ ಅಲ್ಲ, ಅಲ್ವಾ?

2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಮೊದಲು ಪ್ರಾಥಮಿಕ ಅಧಿಸೂಚನೆ ಹೊರಡಬೇಕು. ಗೆಜೆಟ್‌ನಲ್ಲಿ, ಪತ್ರಿಕೆಗಳಲ್ಲಿ ಬರುತ್ತದೆ. ಅಲ್ಲಿಂದ 60 ದಿನದೊಳಗೆ ನೀವು ಲಿಖಿತ ಆಕ್ಷೇಪಣೆ ಕೊಡಬಹುದು. ಸುಮ್ನೆ ‘ಅನ್ಯಾಯ’ ಅಂತ ಬರೆಯಬೇಡಿ. ಅಳತೆಯ ತಪ್ಪು, ಎದುರು ಸಾಲಿಗೂ ನಿಮಗೂ ಇರುವ ವ್ಯತ್ಯಾಸ, ಗಿರಣಿಯೇ ಜೀವನಾಧಾರ ಎಂಬುದು, ಇವನ್ನು ಬರೆಯಿರಿ. ಮೋಟಾರು, ಕಲ್ಲುಗಳ ಫೋಟೊ, ಕರೆಂಟ್ ಬಿಲ್, ಲೈಸೆನ್ಸ್ ಲಗತ್ತಿಸಿ. ‘ತುರ್ತು’ ಅಂತ ಯಾರಾದರೂ ಅವಸರ ಮಾಡಿದರೆ ನಂಬಬೇಡಿ. ಆ ಕಾಯ್ದೆಯ ತುರ್ತು ಅಧಿಕಾರ ಇರುವುದು ದೇಶದ ರಕ್ಷಣೆ, ನೈಸರ್ಗಿಕ ವಿಕೋಪದಂಥ ಸಂದರ್ಭಕ್ಕೆ. ಪೂರ್ತಿ ಪರಿಹಾರ ಕೊಟ್ಟ ಮೇಲೆಯೇ ಸ್ವಾಧೀನ.

ದುಡ್ಡಿನ ಲೆಕ್ಕ ಹೀಗೆ. 2.4 ಮೀಟರ್ ಅಂದರೆ ಹತ್ತಿರ ಹತ್ತಿರ 8 ಅಡಿ. ನಿಮ್ಮ ಮುಂಭಾಗ 30 ಅಡಿ ಇದ್ದರೆ 240 ಚದರಡಿ, ಅಂದರೆ ಜಾಗದ ಐದನೇ ಒಂದು ಭಾಗ ಹೋಗುತ್ತದೆ. ಲೆಕ್ಕಕ್ಕೆ ಚದರಡಿಗೆ 5,000 ರೂಪಾಯಿ ಅಂತ ಇಟ್ಟುಕೊಳ್ಳಿ. ಜಾಗಕ್ಕೆ 12 ಲಕ್ಷ. ಒಡೆಯುವ ಕಟ್ಟಡದ ಬೆಲೆ ಅದಕ್ಕೆ ಸೇರಬೇಕು. ಹಾಗೆ ಬಂದ ಮೊತ್ತದಷ್ಟೇ ಇನ್ನೊಂದು ಮೊತ್ತ, ನೂರಕ್ಕೆ ನೂರು, ಸೊಲೇಶಿಯಂ ಅಂತ ಸೇರುತ್ತದೆ. ಜಾಗದ ಬೆಲೆ ಮೇಲೆ ವರ್ಷಕ್ಕೆ ಶೇ 12ರಂತೆ ಬೇರೆ ಮೊತ್ತವೂ ಇದೆ. ದರ ಹಿಡಿಯುವಾಗ ಸರ್ಕಾರದ ಮಾರ್ಗಸೂಚಿ ದರ ಒಂದನ್ನೇ ನೋಡುವ ಹಾಗಿಲ್ಲ. ಅಕ್ಕಪಕ್ಕದಲ್ಲಿ ಹಿಂದಿನ 3 ವರ್ಷ ಆದ ಕ್ರಯಗಳಲ್ಲಿ ಜಾಸ್ತಿ ಬೆಲೆಯ ಅರ್ಧದಷ್ಟು ಕ್ರಯಗಳನ್ನು ಮಾತ್ರ ಆರಿಸಿಕೊಂಡು ಸರಾಸರಿ ಮಾಡಬೇಕು. ಯಾವುದು ಹೆಚ್ಚೋ ಅದು ನಿಮಗೆ. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಿಮ್ಮ ಬೀದಿಯ ಕ್ರಯಪತ್ರಗಳ ನಕಲು ಈಗಲೇ ತೆಗೆಸಿಡಿ. ಗಿರಣಿ ಬೇರೆ ಕಡೆ ಸಾಗಿಸುವ ಖರ್ಚು, ಸಂಪಾದನೆಗೆ ಆದ ನಷ್ಟವನ್ನೂ ಬರೆದು ಕೇಳಿ. ಈ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಮುಂದಿನ ಕೋಣೆ ಒಡೆದರೆ ಉಳಿದ ಮನೆ ನಿಲ್ಲುವುದಿಲ್ಲ ಅನಿಸಿದರೆ, ಮನೆ ಪೂರ್ತಿ ತೆಗೆದುಕೊಳ್ಳಿ ಅಂತ ಕೇಳುವ ಹಕ್ಕು ಅದೇ ಕಾಯ್ದೆಯ 94ನೇ ಕಲಮಿನಲ್ಲಿದೆ. ಅವಾರ್ಡ್, ಅಂದರೆ ಪರಿಹಾರ ಎಷ್ಟು ಅಂತ ಹೇಳುವ ಆದೇಶ, ಆಗುವ ಮೊದಲೇ ಅರ್ಜಿ ಹಾಕಬೇಕು.

ಟಿಡಿಆರ್ ಅಂದರೆ ಹಣವಲ್ಲ, ಕಟ್ಟಡ ಕಟ್ಟುವ ಹಕ್ಕಿನ ಪತ್ರ. ಮೇಲೆ ಮಹಡಿ ಏರಿಸುವವರಿಗೆ, ಇಲ್ಲಾ ಅದನ್ನು ಕೊಳ್ಳುವ ಬಿಲ್ಡರ್ ಗೊತ್ತಿರುವವರಿಗೆ ಅದು ಉಪಯೋಗ. ನಾಳೆಯೇ ಗಿರಣಿಗೆ ಬೇರೆ ಮಳಿಗೆ ಹುಡುಕಬೇಕಾದ ನಿಮಗೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ ಅದು ನಡೆಯುತ್ತದೆ.

ಕೊನೆಯದಾಗಿ, ಹಣ ಪಡೆದು ಸಹಿ ಹಾಕುವಾಗ ಬರೆಯಬೇಕಾದ ಒಂದು ಸಾಲಿನ ವಿಷಯ. ಇದನ್ನು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಮಂಡ್ಯದಲ್ಲಿ ನಮ್ಮಪ್ಪನಿಗೆ ಬೆಲ್ಲದ ಅಂಗಡಿ ಇತ್ತು. ಹಲಗೆ ಬಾಗಿಲು, ಮುಂದೆ ಕಲ್ಲಿನ ಜಗುಲಿ. ಅಚ್ಚು ಬೆಲ್ಲದ ಪಿಂಡಿಗಳನ್ನು ಜಗುಲಿ ಮೇಲೇ ಜೋಡಿಸುತ್ತಿದ್ದರು. 1989ರಲ್ಲಿ ರಸ್ತೆ ಅಗಲಕ್ಕೆ ಜಗುಲಿಯೂ ಅರ್ಧ ಅಂಗಡಿಯೂ ಹೋಯಿತು. ಆಗ 1894ರ ಹಳೇ ಕಾಯ್ದೆ. ಸೊಲೇಶಿಯಂ ಶೇ 30 ಮಾತ್ರ. ಹಣ ಕೊಡುವ ದಿನ ನಾನೂ ಜೊತೆಗೆ ಹೋಗಿದ್ದೆ. ಗುಮಾಸ್ತರು ರಿಜಿಸ್ಟರ್ ತಿರುಗಿಸಿ ಬೆರಳಿಟ್ಟು ತೋರಿಸಿದರು. ಅಪ್ಪ ಬೆಲ್ಲ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ದೊಡ್ಡ ಅಕ್ಷರದಲ್ಲಿ ಹೆಸರು ಬರೆದರು. ಅಷ್ಟೇ. ಮೂರನೇ ಅಂಗಡಿಯವರು ಹೆಸರಿನ ಮೇಲೆ ಒಂದು ಸಾಲು ಸೇರಿಸಿದ್ದರು. ಅವರು ಕೋರ್ಟಿಗೆ ಹೋಗಿ ಜಾಸ್ತಿ ಪರಿಹಾರ ತಂದರು. ಅಪ್ಪ ವಕೀಲರ ಹತ್ತಿರ ಹೋದಾಗ, ‘ತಕರಾರಿಲ್ಲದೆ ತಗೊಂಡಿದ್ದೀರಲ್ಲ, ಈಗ ದಾರಿ ಇಲ್ಲ’ ಅಂದರು. ಸರ್ವೆ ಕೆಲಸದಲ್ಲಿದ್ದ ನನಗೇ ಆ ಸಾಲು ಗೊತ್ತಿರಲಿಲ್ಲ. ಆ ನೋವು ಈಗಲೂ ಇದೆ.

ಹೊಸ ಕಾಯ್ದೆಯಲ್ಲೂ ಆ ನಿಯಮ ಹಾಗೇ ಇದೆ. ಹಣ ಬೇಡ ಅನ್ನಬೇಡಿ, ತೆಗೆದುಕೊಳ್ಳಿ. ಆದರೆ ಸಹಿ ಮೇಲೆ ಹೀಗೆ ಬರೆಯಿರಿ: ‘ಈ ಮೊತ್ತಕ್ಕೆ ನನ್ನ ಆಕ್ಷೇಪಣೆ ಇದೆ. ಹೆಚ್ಚಿನ ಪರಿಹಾರ ಕೇಳುವ ಹಕ್ಕನ್ನು ಉಳಿಸಿಕೊಂಡು ಪಡೆಯುತ್ತಿದ್ದೇನೆ.’ ವಕೀಲರು ಇದನ್ನೇ ‘ಅಂಡರ್ ಪ್ರೊಟೆಸ್ಟ್’ ಅನ್ನುತ್ತಾರೆ. ಅವಾರ್ಡ್ ಹೇಳುವಾಗ ನೀವು ಅಲ್ಲಿದ್ದರೆ, ಅಂದಿನಿಂದ 6 ವಾರದೊಳಗೆ, ಹೆಚ್ಚಿನ ಪರಿಹಾರ ಕೇಳುವ 64ನೇ ಕಲಮಿನ ಅರ್ಜಿ ಕೊಡಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ನಾನು ರಸ್ತೆ ಅಗಲ ಆಗುವುದರ ವಿರೋಧಿ ಅಲ್ಲ. ಪ್ಲೇಗ್ ಬಂದು ಹೋದ ಮೇಲೆ 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು. ಗಾಳಿ ಬೆಳಕಿನ ಬಡಾವಣೆಗಳು ಎದ್ದವು. ನಾವೆಲ್ಲ ಅದರ ಸುಖ ಉಂಡವರೇ. ಊರಿಗೆ ರಸ್ತೆ ಬೇಕು. ಅದರ ಖರ್ಚು ಗಿರಣಿ ಇಟ್ಟುಕೊಂಡ ಒಂದು ಮನೆಯ ಮೇಲೆ ಮಾತ್ರ ಬೀಳಬಾರದು.

ಪ್ರಶ್ನೆ: ನಮ್ಮ ಜಾಗವೂ ರಸ್ತೆಗೆ ಹೋಗುತ್ತಿದೆ. ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ. ತೊಂದರೆ ಆಗುತ್ತದಾ?
– ಓದುಗ, ಮಂಡ್ಯ

ಉತ್ತರ: ಆಗುತ್ತದೆ. ಮರಣ ಪತ್ರ, ವಂಶವೃಕ್ಷ ಮಾಡಿಸಿ ಈ ವಾರವೇ ಪೌತಿ ಖಾತೆಗೆ ಅರ್ಜಿ ಹಾಕಿ. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ. ಅವರಿಗೂ ಪಾಲಿದೆ. ಮನೆಯವರಲ್ಲಿ ತಕರಾರು ಇದ್ದರೆ ಪರಿಹಾರದ ಹಣ ನಿಮ್ಮ ಕೈಗೆ ಬರದೆ ಭೂಸ್ವಾಧೀನದ ತಕರಾರು ವಿಚಾರಿಸುವ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ. ಅಷ್ಟರೊಳಗೆ ಎಲ್ಲರೂ ಒಂದು ದಿನ ಕೂತು ಮಾತಾಡಿ, ಯಾರಿಗೆ ಎಷ್ಟು ಅಂತ ಕಾಗದದ ಮೇಲೆ ಬರೆದುಕೊಳ್ಳಿ.