ರಿಪೋರ್ಟ್ ಎಲ್ಲ ನಾರ್ಮಲ್, ಎದೆನೋವು ಮಾತ್ರ ಹೋಗಿಲ್ಲ

ಪ್ರಶ್ನೆ: ನನಗೆ 37 ವರ್ಷ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಎಂಟು ತಿಂಗಳಿಂದ ಎಡ ಎದೆಯಲ್ಲಿ ಆಗಾಗ ಸಣ್ಣಗೆ ನೋವು. ಒಮ್ಮೊಮ್ಮೆ ಚುಚ್ಚಿದ ಹಾಗೆ, ಒಮ್ಮೊಮ್ಮೆ ಉರಿದ ಹಾಗೆ. ಇಸಿಜಿ ಮೂರು ಸಲ ಆಯಿತು, ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಕೂಡ ಆಯಿತು. ಎಲ್ಲವೂ ನಾರ್ಮಲ್. ‘ಗ್ಯಾಸ್ ಇರಬೇಕು’ ಎಂದು ಮಾತ್ರೆ ಕೊಟ್ಟರು. ನೋವು ಬಂದಾಗ ನುಂಗುತ್ತೇನೆ, ಹೆಚ್ಚೇನೂ ಗುಣ ಕಾಣಲಿಲ್ಲ. ದೊಡ್ಡಪ್ಪ ಹೃದಯಾಘಾತದಿಂದ ತೀರಿಕೊಂಡವರು. ರಾತ್ರಿ ನೋವು ಬಂದರೆ ನಿದ್ದೆ ಹತ್ತುವುದಿಲ್ಲ. ಇನ್ನು ಯಾವ ಪರೀಕ್ಷೆ ಮಾಡಿಸಲಿ?

ಉತ್ತರ: ಒಂದು ಪರೀಕ್ಷೆ ಬಾಕಿ ಇದೆ. ಅದಕ್ಕೆ ಯಂತ್ರ ಬೇಡ, ಬೆರಳು ಸಾಕು. ನಿಮ್ಮ ಪತ್ರದಲ್ಲಿ ಮೂರು ಇಸಿಜಿ ಇವೆ, ಆದರೆ ಯಾರಾದರೂ ಎದೆಯನ್ನು ಒತ್ತಿ ನೋಡಿದರು ಎನ್ನುವ ಮಾತಿಲ್ಲ.

ಪಕ್ಕೆಲುಬುಗಳು ಎದೆಯ ನಡುವಿನ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಮೆದುಮೂಳೆ ಇದೆ. ಆ ಕೂಡುವ ಜಾಗ ಕೆರಳಿದರೆ ಬರುವ ನೋವಿಗೆ ಕಾಸ್ಟೋಕಾಂಡ್ರೈಟಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡರಿಂದ ಐದನೇ ಪಕ್ಕೆಲುಬಿನ ಹತ್ತಿರ ಬರುತ್ತದೆ. ಬಿಡದೆ ಕೆಮ್ಮಿದ್ದು, ಭಾರ ಎತ್ತಿದ್ದು ಇದಕ್ಕೆ ಕಾರಣ ಆಗಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ಕೂರುವವರ ಎದೆಯ ಸ್ನಾಯುಗಳೂ ಹೀಗೇ ನೋಯುತ್ತವೆ. ಬೆರಳ ತುದಿಯಿಂದ ‘ಇಲ್ಲೇ’ ಎಂದು ತೋರಿಸುವ ಹಾಗಿದ್ದು, ಅಲ್ಲಿ ಒತ್ತಿದರೆ ಅದೇ ನೋವು ಬಂದರೆ, ಮೊದಲ ಅನುಮಾನ ಇದರ ಮೇಲೆ. ಹೃದಯದ ನೋವಾದರೆ ಜನ ಬೆರಳು ತೋರಿಸುವುದು ಕಡಿಮೆ, ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ಮೇಲೆ ಇಡುತ್ತಾರೆ. ಇದೊಂದನ್ನೇ ನಂಬಿ ಹೃದಯವನ್ನು ಕೈಬಿಡಲಾಗದು, ನಿಜ. ಆದರೆ ನಿಮ್ಮ ರಿಪೋರ್ಟ್‌ಗಳ ಜೊತೆ ಸೇರಿಸಿ ನೋಡಿದಾಗ ಇದಕ್ಕೆ ಬೆಲೆ ಇದೆ. ಈ ನೋವು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಬಿಸಿ ಶಾಖ ಕೊಡಿ. ಆಗಾಗ ಎದ್ದು ಎದೆ, ಭುಜ ಹಿಗ್ಗಿಸಿ.

ಉರಿಯುವ ನೋವಿನ ಕಥೆ ಬೇರೆ ಇರಬಹುದು. ಒಬ್ಬರಿಗೇ ಎರಡು ಕಾರಣ ಇರುವುದು ಅಪರೂಪವಲ್ಲ. ಅನ್ನನಾಳ ಹೃದಯದ ಬೆನ್ನಿಗೇ ಹಾದುಹೋಗುತ್ತದೆ. ಎರಡರ ನೋವಿನ ಸುದ್ದಿಯೂ ಹೆಚ್ಚುಕಮ್ಮಿ ಒಂದೇ ನರದ ದಾರಿಯಲ್ಲಿ ಮಿದುಳಿಗೆ ಹೋಗುತ್ತದೆ. ಕರೆ ಬಂದದ್ದು ಯಾವ ಮನೆಯಿಂದ ಎಂದು ಮಿದುಳಿಗೆ ಗೊತ್ತಾಗುವುದಿಲ್ಲ, ಅಷ್ಟೆ. ಊಟ ಆದಮೇಲೆ, ಬಗ್ಗಿದಾಗ, ಮಲಗಿದಾಗ ಜಾಸ್ತಿಯಾದರೆ ಆಮ್ಲ ಮೇಲೆ ಬರುತ್ತಿರಬಹುದು. ಮಾತ್ರೆ ಕೆಲಸ ಮಾಡಲಿಲ್ಲ ಎಂದಿರಿ. ಆದರೆ ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಯಾಗಿದ್ದರೆ ಅದನ್ನು ನೋವು ಬಂದಾಗ ನುಂಗಿ ಪ್ರಯೋಜನ ಕಮ್ಮಿ. ವೈದ್ಯರು ಹೇಳಿದಷ್ಟು ವಾರ, ದಿನಾ, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಆಮೇಲೆ ಗುಣ ಆಯಿತೋ ಇಲ್ಲವೋ ಎಂಬುದೇ ಒಂದು ಪರೀಕ್ಷೆ. ರಾತ್ರಿಯ ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಇಡಿ. ತಲೆ ಎತ್ತರ ಮಾಡಲು ದಿಂಬು ಪೇರಿಸಬೇಡಿ, ಹೊಟ್ಟೆ ಮಡಚಿಕೊಳ್ಳುತ್ತದೆ. ಮಂಚದ ತಲೆಕಡೆಯ ಕಾಲಿನ ಕೆಳಗೇ ಏನಾದರೂ ಇಡಿ.

ಇನ್ನು ಭಯ. ‘ಎಲ್ಲ ನಿನ್ನ ತಲೆಯಲ್ಲಿದೆ’ ಎನ್ನುವವರ ಗುಂಪಿಗೆ ನಾನು ಸೇರಿಲ್ಲ. ನೋವು ನಿಜ, ಭಯ ಅದನ್ನು ದೊಡ್ಡದು ಮಾಡುತ್ತದೆ. ಗಾಬರಿಯಲ್ಲಿ ಉಸಿರು ವೇಗವಾಗುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ, ಎದೆ ಬಿಗಿಯುತ್ತದೆ. ಆ ಬಿಗಿತಕ್ಕೇ ಇನ್ನಷ್ಟು ಗಾಬರಿ. ಹೊಸ ಇಸಿಜಿ ಒಂದು ವಾರ ಸಮಾಧಾನ ಕೊಡುತ್ತದೆ, ಎಂಟನೇ ದಿನ ಮತ್ತೆ ಅದೇ, ಅಲ್ವಾ? ಈ ಸುತ್ತಿನಿಂದ ಹೊರಬರಲು ಆಪ್ತಸಮಾಲೋಚನೆ ನೆರವಾಗುತ್ತದೆ. ಸಂಕೋಚ ಬೇಡ.

ದೊಡ್ಡಪ್ಪನ ವಿಷಯ: ವೈದ್ಯರು ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ತಂದೆ ಅಥವಾ ಅಣ್ಣತಮ್ಮಂದಿರಿಗೆ 55 ವರ್ಷಕ್ಕಿಂತ ಮೊದಲು, ತಾಯಿ ಅಥವಾ ಅಕ್ಕತಂಗಿಯರಿಗೆ 65ಕ್ಕಿಂತ ಮೊದಲು ಹೃದ್ರೋಗ ಬಂದಿತ್ತೇ ಎಂದು. ಅದಕ್ಕಿಂತ ನಿಮ್ಮ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿದ್ದೀರಾ? ಸಿಗರೇಟು ಇದೆಯೇ? ಪತ್ರದಲ್ಲಿ ಅದಿಲ್ಲ.

ನಾರ್ಮಲ್ ರಿಪೋರ್ಟ್ ಜೀವಮಾನದ ಗ್ಯಾರಂಟಿಯೂ ಅಲ್ಲ. ಮಾಮೂಲಿ ಇಸಿಜಿ ಹಿಡಿಯುವುದು ಸುಮಾರು 10 ಸೆಕೆಂಡಿನ ಹೃದಯವನ್ನು. ಟಿಎಂಟಿಯಲ್ಲೂ ಕೆಲವು ತೊಂದರೆ ತಪ್ಪಿಹೋಗುತ್ತವೆ. ಹೃದಯದ ಸಣ್ಣ ರಕ್ತನಾಳಗಳ ತೊಂದರೆ ಅಂಥದ್ದು, ಅದು ಹೆಂಗಸರಲ್ಲಿ ಜಾಸ್ತಿ. ಹಾಗಾಗಿ ನೋವಿನ ಚಹರೆ ಬದಲಾದರೆ, ಅಂದರೆ ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು ನಿಂತರೆ ಹೋಗುವಂತಾದರೆ, ಹೃದ್ರೋಗ ತಜ್ಞರನ್ನು ಬೇಗ ಕಾಣಿ. ಎದೆ ಹಿಂಡಿದಂತಾಗಿ ಕೆಲವು ನಿಮಿಷದಲ್ಲಿ ಇಳಿಯದಿದ್ದರೆ, ಕೈಗೆ, ದವಡೆಗೆ ಹರಡಿದರೆ, ತಣ್ಣನೆ ಬೆವರು, ಏದುಸಿರು, ತಲೆ ತಿರುಗುವುದು ಜೊತೆಗಿದ್ದರೆ ಹಳೆಯ ರಿಪೋರ್ಟ್ ನೆನೆಯುತ್ತಾ ಕೂರಬೇಡಿ. ತಕ್ಷಣ ಆಂಬುಲೆನ್ಸ್ ಕರೆಯಿರಿ.

ಎರಡು ವಾರ ಒಂದು ಚೀಟಿ ಇಡಿ. ಯಾವಾಗ ಬಂತು, ಏನು ಮಾಡುತ್ತಿದ್ದಿರಿ, ಎಷ್ಟು ಹೊತ್ತು ಇತ್ತು, ಒತ್ತಿದರೆ ನೋಯಿತೇ, ಇಷ್ಟೇ ಬರೆದರೆ ಸಾಕು. ಅದನ್ನು ಹಿಡಿದು ಒಬ್ಬರೇ ವೈದ್ಯರ ಹತ್ತಿರ ಹೋಗಿ, ಸುಮ್ನೆ ಊರೆಲ್ಲ ಸುತ್ತಬೇಡಿ. ಅಲ್ಲಿಯವರೆಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಪಕ್ಕೆಲುಬಿನ ನೋವು ತಗ್ಗಿಸುವ ಐಬುಪ್ರೊಫೆನ್‌ನಂಥ ಮಾತ್ರೆಯೇ ಹೊಟ್ಟೆಯ ಉರಿಯನ್ನು ಹೆಚ್ಚಿಸಬಹುದು.